ನಾಲ್ಕನೇ ಜಾಗ

ಜೂನ್ ೧೮

ಕ್ಯಾಪ್ಟನ್ ಅಕ್ಕನಿಗೆ ಮಿಡತೆ ಮಾಡುವ ನಮಸ್ಕಾರಗಳು.

ನಿಮಗೆ ನನ್ನ ನೆನಪು ಇದೆಯೋ ಇಲ್ಲವೋ. ಹೋದ ವರ್ಷ ನೀವು ವಾಲಿಬಾಲ್ ಪ್ರಾಕ್ಟೀಸ್ ಮಾಡುವಾಗ ಕಾಂಪೌಂಡ್ ಆಚೆ ಹೋದ ಬಾಲ್ ಹುಡುಕಿ ತರ್ತಿದ್ದೆನಲ್ಲ, ಅದೇ ಕಡ್ಡಿಕಾಲಿನ ಹುಡುಗಿ. ಈಗ ಒಂಬತ್ತನೇ ಕ್ಲಾಸು. "ಏನೇ ಇದು, ಮಿಡತೆ ಥರ ಹಾರ್ತೀಯ" ಅಂತ ಒಂದು ಸಲ ನೀವೇ ಅಂದ್ರಿ. ಅವತ್ತಿನಿಂದ ನನ್ನ ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಸುತ್ತೆ.

ನಿಮಗೆ ಕಾಗದ ಬರೀಬೇಕು ಅಂತ ಪೀಟಿ ಮಿಸ್ ಟೀಮಿಗೆಲ್ಲ ಹೇಳಿದ್ರು. ವಾರ್ಡನ್ ರೂಮಿನ ಫೋನು ನಮ್ಮ ಕೈಗೆ ಸಿಗಲ್ಲ ಅಂತ ನಿಮಗೇ ಗೊತ್ತು. ಎಲ್ಲರೂ ಬರೀತೀವಿ ಅಂದ್ರು, ಒಬ್ಬರೂ ಬರೀಲಿಲ್ಲ. ಮರೆತಿದ್ದಲ್ಲ ಅಕ್ಕಾ, ಏನು ಬರೀಬೇಕು ಅಂತ ಗೊತ್ತಾಗದೆ. ಅಳತೆ ತಪ್ಪದೆ ಬಾಲ್ ಎತ್ತಿಕೊಡೋ ನಮ್ಮ ಟೈಲರ್ ಅಕ್ಕ ಕೂಡ ಮೂರು ಸಲ ಪೆನ್ನು ತೆಗೆದು ಮೂರು ಸಲವೂ ಮುಚ್ಚಳ ಹಾಕಿದಳು. ಕೊನೆಗೆ ಮಿಸ್ ನನ್ನ ಕಡೆ ತಿರುಗಿ, ಅವಳ ಜಾಗದಲ್ಲಿ ನಿಂತಿರೋಳು ನೀನು, ನೀನೇ ಬರಿ ಅಂದ್ರು.

ಹೌದು, ನನ್ನನ್ನ ನಾಲ್ಕನೇ ಜಾಗದಲ್ಲಿ ನಿಲ್ಲಿಸಿದ್ದಾರೆ. ನೆಟ್ಟಿನ ಎಡತುದಿಯಲ್ಲಿ ನೀವು ನಿಂತು ಸ್ಮ್ಯಾಶ್ ಹೊಡೀತಿದ್ದ ಜಾಗ. ಇದನ್ನ ಬೇರೆಯವರ ಬಾಯಿಂದ ಕೇಳೋದಕ್ಕಿಂತ ನಾನೇ ಹೇಳಿದ್ರೆ ಒಳ್ಳೇದು ಅನ್ನಿಸ್ತು. ನೀವು ಬರೋ ತನಕ ಮಾತ್ರ. ಬಸ್ಸಿನಲ್ಲಿ ಸೀಟು ಹಿಡಿಯೋಕೆ ಟವೆಲ್ ಹಾಕ್ತಾರಲ್ಲ, ನಾನು ಆ ಟವೆಲ್ಲು ಅಷ್ಟೇ.

ನೀವು ಬಿದ್ದ ದಿನ ನಾನು ಗೆರೆಯ ಪಕ್ಕದಲ್ಲೇ ಕೂತಿದ್ದೆ. ಬ್ಲಾಕ್ ಮಾಡೋಕೆ ಹಾರಿದ್ರಿ, ಇಳಿಯುವಾಗ ಒಂದೇ ಕಾಲ ಮೇಲೆ ಇಳಿದ್ರಿ. ಬಿದ್ದ ಮೇಲೂ "ಬಾಲ್ ಔಟಾ, ಇನ್ನಾ" ಅಂತ ಕೇಳ್ತಿದ್ರಿ. ಯಾರೂ ಹೇಳಲಿಲ್ಲ. ಔಟ್ ಅಕ್ಕಾ. ಪಾಯಿಂಟ್ ನಮಗೇ ಬಂತು.

ಬೇಗ ಬನ್ನಿ.

ಇಂತಿ,
ಮಿಡತೆ


ಜುಲೈ ೨

ಮಿಡತೆ,

ನೆನಪಿದೆ. ನೀನು ಬಾಲ್ ಎಸೆಯದೆ ಅಷ್ಟು ದೂರದಿಂದ ಓಡಿಬಂದು ಕೈಗೇ ಕೊಡ್ತಿದ್ದೆ, ಅದರಿಂದ ದಿನಾ ಪ್ರಾಕ್ಟೀಸ್ ತಡ ಆಗ್ತಿತ್ತು. ಈ "ನೀವು ಗೀವು" ಬಿಡು. ಕೋರ್ಟಿನಲ್ಲಿ ಅಷ್ಟು ಮರ್ಯಾದೆ ಕೊಡ್ತಾ ನಿಂತರೆ ಬಾಲ್ ತಲೆ ಮೇಲೆ ಬೀಳುತ್ತೆ.

ಆಪರೇಷನ್ ಆಯ್ತು. ಮಂಡಿಯೊಳಗೆ ಹರಿದಿದ್ದ ಲಿಗಮೆಂಟ್ ಬದಲಿಗೆ ನನ್ನ ತೊಡೆಯಿಂದಲೇ ಒಂದು ಎಳೆ ತೆಗೆದು ಕೂರಿಸಿದ್ದಾರೆ. ಅಂದ್ರೆ ನನ್ನ ಬಟ್ಟೆಗೆ ನನ್ನದೇ ತೇಪೆ. ನಮ್ಮ ಟೈಲರ್‌ಗೆ ಹೇಳು, ಹೊಲಿಗೆ ಚೆನ್ನಾಗಿದೆ, ಅವಳು ನೋಡಿದ್ರೆ ಹೊಟ್ಟೆಕಿಚ್ಚು ಪಡಬೇಕು.

ನಾನಿರೋದು ಅತ್ತೆಯ ಹತ್ತಿರ, ಅಪ್ಪನ ತಂಗಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳ ಕೆಲಸ, ಅದಕ್ಕೇ ನನ್ನನ್ನ ಇಲ್ಲಿ ಸೇರಿಸಿದ್ದು. ಮನೆ ಅಂದ್ರೆ ಲಾಂಡ್ರಿಯ ಹಿಂದಿನ ಒಂದು ರೂಮು. ಗೋಡೆಯಾಚೆ ಬಟ್ಟೆ ಒಗೆಯೋ ಮಿಷನ್‌ಗಳು. ನನ್ನ ಮಂಚ ಆ ಗೋಡೆಗೇ ಒತ್ತಿಕೊಂಡಿದೆ, ಮಿಷನ್ ಜೋರಾಗಿ ತಿರುಗಿದಾಗ ಮಂಚವೂ ನಡುಗುತ್ತೆ. ಮಂಡಿಗೆ ಒಳ್ಳೇದು ಅಂತಾಳೆ ಅತ್ತೆ. ಅವಳ ಲೆಕ್ಕದಲ್ಲಿ ಎಲ್ಲವೂ ಯಾವುದಕ್ಕಾದರೂ ಒಳ್ಳೇದೇ.

ಡಿಸೆಂಬರಿನಲ್ಲಿ ಜಿಲ್ಲಾ ಟೀಮಿಗೆ ಆರಿಸೋ ಸೆಲೆಕ್ಷನ್ ಮ್ಯಾಚಿಗೆ ಬಂದೇ ಬರ್ತೀನಿ ಅಂತ ಮಿಸ್‌ಗೆ ಹೇಳು. ಇದು ನನ್ನ ಕೊನೇ ವರ್ಷ. ಕಾಲೇಜು ಸೀಟು ಬಂದ್ರೆ ಆಟದಿಂದ ಬರಬೇಕು. ನನ್ನ ಮಾರ್ಕ್ಸ್ ನೋಡಿ ಯಾವ ಕಾಲೇಜೂ ಬಾಗಿಲು ತೆಗೆಯಲ್ಲ.

ನೀನು ಕೇಳದಿದ್ದರೂ ಹೇಳ್ತೀನಿ. ಓಡಿಬರುವಾಗ ಎಡ, ಬಲ, ಎಡ. ಮೊದಲ ಹೆಜ್ಜೆ ನಿಧಾನ, ಉಳಿದೆರಡು ಬೇಗ. ಬಾಲ್ ಮೇಲೆ ಕೈ ಬಿದ್ದಾಗ ಗುದ್ದಬೇಡ, ಬೀಸು. ಮಣಿಕಟ್ಟು ಸಡಿಲ ಇರಬೇಕು. ನಿನಗೆ ಮೊದಲಿನಿಂದಲೂ ಗುದ್ದೋ ಚಾಳಿ.

ಟವೆಲ್ಲು ಅಂದ್ಯಲ್ಲ, ಸಂತೋಷ. ಸೀಟು ಬೆಚ್ಚಗಿದೆ ಅಂತ ಟವೆಲ್ಲು ಅಲ್ಲೇ ಮಲಗಬಾರದು ಅಷ್ಟೇ.

ಕ್ಯಾಪ್ಟನ್


ಜುಲೈ ೨೪

ಅಕ್ಕಾ,

"ನೀನು" ಅಂತ ಬರೆಯೋಕೆ ಹೋಗಿ ಮತ್ತೆ "ನೀವು" ಅಂತಲೇ ಬರೀತಿದ್ದೀನಿ. ಇದೇ ಪುಟದಲ್ಲಿ ಎರಡು ಕಡೆ ಹೊಡೆದುಹಾಕಿರೋದು ಅದಕ್ಕೇ.

ನೀನು ಹೇಳಿದ ಎಡ ಬಲ ಎಡವನ್ನ ಹಾಸ್ಟೆಲಿನ ವರಾಂಡದಲ್ಲಿ ದಿನಾ ಮಾಡ್ತೀನಿ. ಮೇಲೆ ಆನೆ ಬಂದಿದೆಯಾ ಅಂತ ಕೆಳಗಿನ ರೂಮಿನವರು ವಾರ್ಡನ್‌ಗೆ ದೂರು ಕೊಟ್ಟರು. ಆನೆ ಅಲ್ಲ, ಮಿಡತೆ ಅಂತ ಹೇಳಿ ಬೈಸಿಕೊಂಡೆ.

ಹೋದ ಶನಿವಾರ ಸೇತುವೆ ಪಕ್ಕದ ಶಾಲೆಯವರ ಜೊತೆ ಮ್ಯಾಚ್ ಇತ್ತು. ಸೋತೆವು, ಅದೂ ಕೆಟ್ಟದಾಗಿ. ನನ್ನ ಬಾಲ್ ಒಂದೂ ಸರಿಯಾಗಿ ಬೀಳಲಿಲ್ಲ. ನೀನಿಲ್ಲದ ಟೀಮು ಗಾಳಿ ಇಲ್ಲದ ಬಾಲ್ ಇದ್ದ ಹಾಗೆ ಅಂತ ಎಲ್ಲರೂ ಅಂದ್ರು.

ಹೋದ ಭಾನುವಾರ ಅಪ್ಪ ಬಂದಿದ್ರು. ನಮ್ಮಪ್ಪ ಡಿಪೋದಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆಯೋರು, ಉಗುರಿನ ಸಂದಿಯ ಬಣ್ಣ ನೋಡಿ ಆ ವಾರ ಯಾವ ಬಸ್ಸು ಅಂತ ಹೇಳಬಹುದು. ಈ ಸಲ ಹಸಿರು. ನನಗೆ ಆಟಕ್ಕೆ ಅಂತಲೇ ಈ ಹಾಸ್ಟೆಲ್ ಸೀಟು ಕೊಟ್ಟಿರೋದು. ಅದಕ್ಕೇ ಅಪ್ಪ ಬಂದಾಗಲೆಲ್ಲ ಮೊದಲು ಕೇಳೋದು, ಟೀಮಿನಲ್ಲಿ ಇದ್ದೀಯ ತಾನೇ ಅಂತ. ಇದ್ದೀನಿ ಅಂದೆ. ಎಷ್ಟು ದಿನ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನಿನ್ನ ಮಂಡಿ ಈಗ ಎಷ್ಟು ಮಡಚುತ್ತೆ?

ಮಿಡತೆ


ಆಗಸ್ಟ್ ೧೯

ಮಿಡತೆ,

ನನ್ನಮ್ಮ ನನ್ನನ್ನ ನೋಡೋಕೆ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಪೀಟಿ ಮಿಸ್ ಸಿಕ್ಕಿದ್ರಂತೆ. ಸೇತುವೆ ಪಕ್ಕದ ಶಾಲೆಯನ್ನ ನೇರ ಎರಡು ಸೆಟ್ಟಿನಲ್ಲಿ ಸೋಲಿಸಿದ್ವಿ, ಒಂದು ಪುಟ್ಟ ಹುಡುಗಿ ಎಲ್ಲರ ಬಾಯಿ ಮುಚ್ಚಿಸಿದಳು ಅಂತ ಹೇಳಿದ್ರಂತೆ. ಅಮ್ಮ ಪಾಪ, ನಾನು ಖುಷಿ ಪಡ್ತೀನಿ ಅಂದುಕೊಂಡು ಎರಡೆರಡು ಸಲ ಹೇಳಿದಳು.

ಸೋತೆವು ಅಂತ ಯಾಕೆ ಬರೆದೆ? ನಾನೇನು ಹಾಸಿಗೆ ಹಿಡಿದ ಮುದುಕಿನಾ, ಕೆಟ್ಟ ಸುದ್ದಿ ಮುಚ್ಚಿಡೋಕೆ? ನೀನು ಮುಚ್ಚಿಟ್ಟಿದ್ದು ಒಳ್ಳೇ ಸುದ್ದಿ ಬೇರೆ. ಗೆದ್ದೆ ಅಂತ ನನ್ನ ಮುಖಕ್ಕೇ ಹೇಳಿದ್ರೆ ತಡ್ಕೋತಿದ್ದೆ. ಅಯ್ಯೋ ಅನ್ನಿಸಿಕೊಳ್ಳೋದನ್ನ ತಡ್ಕೊಳ್ಳೋಕಾಗಲ್ಲ.

ಮಂಡಿ ಚೆನ್ನಾಗಿದೆ. ಮೆಟ್ಟಿಲು ಹತ್ತಿ ಇಳಿಸ್ತಾರೆ, ಒಂದು ಕಾಲಲ್ಲಿ ನಿಲ್ಲಿಸ್ತಾರೆ. ದೊಡ್ಡ ಡಾಕ್ಟರ್ ಹೋದ ವಾರ ಬಂದು ಮಂಡಿಯನ್ನ ಆ ಕಡೆ ಈ ಕಡೆ ತುಂಬಾ ಹೊತ್ತು ಎಳೆದು ನೋಡಿದ್ರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಶಾಲೇಲಿ ಯಾವ ವಿಷಯ ಇಷ್ಟ, ಹೊಲಿಗೆ ಗಿಲಿಗೆ ಬರುತ್ತಾ ಅಂತ ಕೇಳಿದ್ರು. ಒಳ್ಳೇ ಮನುಷ್ಯ. ಹರಟೆ ಇಷ್ಟ ಇರಬೇಕು.

ಇನ್ನು ಮೇಲೆ ಸ್ಕೋರ್ ಸಮೇತ ಬರಿ.

ಕ್ಯಾಪ್ಟನ್


ಸೆಪ್ಟೆಂಬರ್ ೬

ಅಕ್ಕಾ,

ಹೊಟ್ಟೆಗೆ ಹಾಕ್ಕೋ. ಅದು ನನ್ನೊಬ್ಬಳ ಬುದ್ಧಿ ಅಲ್ಲ. ಎಲ್ಲರೂ ಸೇರಿ ತೀರ್ಮಾನ ಮಾಡಿದ್ವಿ, ನಾವು ಗೆಲ್ತಾ ಇದ್ದೀವಿ ಅಂತ ಗೊತ್ತಾದ್ರೆ ನಿನಗೆ ವ್ಯಾಯಾಮ ಮಾಡೋ ಮನಸ್ಸು ಬರಲ್ಲ, ನಿನಗಾಗಿ ಕಾಯ್ತಾ ಇದ್ದೀವಿ ಅಂತ ಅನ್ನಿಸಬೇಕು ಅಂತ. ಮಿಸ್‌ಗೆ ಗೊತ್ತಿರಲಿಲ್ಲ. ಆದ್ರೆ ಕಾಯ್ತಾ ಇರೋದು ಸುಳ್ಳಲ್ಲ ಅಕ್ಕಾ.

ಸ್ಕೋರ್ ಸಮೇತ ಬರಿ ಅಂದೆ. ಇಲ್ಲಿಯ ತನಕ ಐದು ಮ್ಯಾಚು, ಐದೂ ಗೆದ್ದಿದ್ದೀವಿ. ಟೈಲರ್ ಅಕ್ಕ ಬಾಲ್ ಎತ್ತಿಕೊಡೋದು ಈಗ ನನ್ನ ಎತ್ತರಕ್ಕೆ ಸರಿಯಾಗಿ ಬರ್ತಿದೆ. ಮೊದಮೊದಲು ಅಭ್ಯಾಸಬಲದಿಂದ ನಿನ್ನ ಎತ್ತರಕ್ಕೇ ಎತ್ತುತ್ತಿದ್ದಳು, ನಾನು ಕೆಳಗೆ ನಿಂತು ಗಾಳಿಪಟ ನೋಡೋ ಹಾಗೆ ನೋಡ್ತಿದ್ದೆ. "ಬಟ್ಟೆ ಚಿಕ್ಕದು ಮಾಡಬೇಕಾಯ್ತು" ಅಂತಾಳೆ.

ಇದನ್ನೆಲ್ಲ ಬರೆದದ್ದು ನೀನು ಕೇಳಿದ್ದಕ್ಕೆ. ನೀನು ಬಂದ ದಿನ ಅವಳು ಮತ್ತೆ ನಿನ್ನ ಎತ್ತರಕ್ಕೇ ಎತ್ತುತ್ತಾಳೆ, ನಾನು ಗೆರೆಯಾಚೆ ಹೋಗ್ತೀನಿ. ನಾನು ಇನ್ನೂ ಮೂರು ವರ್ಷ ಇಲ್ಲೇ ಇರ್ತೀನಿ, ನನಗೇನು ಅವಸರ?

ಡಾಕ್ಟರ್ ಹೊಲಿಗೆ ಬಗ್ಗೆ ಯಾಕೆ ಕೇಳಿದ್ರು?

ಮಿಡತೆ


ಅಕ್ಟೋಬರ್ ೨೮

ಮಿಡತೆ,

ಆಮೇಲೆ ಬಂದ ನಿನ್ನ ಎರಡು ಕಾಗದಕ್ಕೂ ಉತ್ತರ ಬರೀಲಿಲ್ಲ. ಕೆಲಸ ಇತ್ತು. ಈ ಗೋಡೆಗೆ ಬೆನ್ನು ಕೊಟ್ಟು ಕೂತು ಏಳೋದೇ ಕೆಲಸ.

ಡಾಕ್ಟರ್ ಒಪ್ಪಿದ್ದಾರೆ. ನವೆಂಬರ್ ಮೊದಲ ವಾರ ಬರ್ತೀನಿ. ಹೆಡ್‌ಮಿಸ್ ಹಾಜರಾತಿಗೆ ವಿನಾಯಿತಿ ಕೊಟ್ಟಿದ್ದಾರೆ, ಮಿಸ್‌ಗೂ ಬರೆದಿದ್ದೀನಿ. ಹಾಸ್ಟೆಲಿನಲ್ಲಿ ನನ್ನ ಹಳೇ ಮಂಚದಲ್ಲಿ ಯಾರಿದ್ದಾರೋ ಅವರಿಗೆ ಏಳೋಕೆ ಹೇಳು.

ಅತ್ತೆ ಎರಡು ದಿನದಿಂದ ಮಾತಾಡ್ತಿಲ್ಲ. ನಾನು ಹೋದ್ರೆ ಒಂಟಿ ಆಗ್ತೀನಿ ಅಂತ ಇರಬೇಕು. ನನ್ನ ಬ್ಯಾಗಿನಿಂದ ಬೂಟು ತೆಗೆದು ಮಂಚದ ಕೆಳಗೆ ತಳ್ಳಿದ್ದಳು. ಮತ್ತೆ ತೆಗೆದು ಇಟ್ಟುಕೊಂಡೆ.

ಟೈಲರ್‌ಗೆ ಹೇಳು, ಬಟ್ಟೆ ಮತ್ತೆ ದೊಡ್ಡದು ಮಾಡಬೇಕು.

ಕ್ಯಾಪ್ಟನ್


ಡಿಸೆಂಬರ್ ೨೯

ಮಿಡತೆ,

ಮತ್ತೆ ಅದೇ ರೂಮಿನಿಂದ ಬರೀತಿದ್ದೀನಿ. ಮಂಚವೂ ಅದೇ.

ನಾನು ಶಾಲೆಯಲ್ಲಿದ್ದ ಆ ಒಂದೂವರೆ ತಿಂಗಳು ನಾವಿಬ್ಬರೂ ಒಂದೇ ಊಟದ ಬೆಂಚಿನಲ್ಲಿ ಕೂತು ಎಷ್ಟು ಮಾತಾಡಿದ್ವಿ, ಆದ್ರೆ ಈಗ ಕೇಳಬೇಕಾದ ಮಾತು ಅಲ್ಲಿ ಹುಟ್ಟೇ ಇರಲಿಲ್ಲ. ಹಾಗಾಗಿ ಬರೀತಿದ್ದೀನಿ.

ನಾನು ಗೇಟಿನೊಳಗೆ ಬಂದಾಗ ಟೀಮೆಲ್ಲ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದ್ರಿ. ಆ ಚಪ್ಪಾಳೆ ಸ್ವಲ್ಪ ಜಾಸ್ತಿಯಾಯ್ತು. ಆಡೋಕೆ ಬಂದವಳಿಗೆ ಅಷ್ಟು ಹೊತ್ತು ಯಾರೂ ತಟ್ಟಲ್ಲ, ಬೀಳ್ಕೊಡುವಾಗ ತಟ್ತಾರೆ. ಅವತ್ತೇ ಅರ್ಥ ಮಾಡ್ಕೋಬೇಕಿತ್ತು. ಪ್ರಾಕ್ಟೀಸಿನಲ್ಲಿ ಮಿಸ್ ನನಗೆ ನಿಂತು ಆಡೋ ಆಟವನ್ನೇ ಕೊಟ್ಟರು. ಹಾರೋದು ಬೇಡ, ಮೆಲ್ಲಗೆ ಆಗಲಿ ಅಂದ್ರು. ನಾನು ಮಂಡಿಗೆ ಪಟ್ಟಿ ಬಿಗಿದುಕೊಂಡು, ಯಾರೂ ಇಲ್ಲದಾಗ ಗೋಡೆ ಹತ್ತಿರ ಹಾರಿ ನೋಡ್ತಿದ್ದೆ. ಕೆಲವು ದಿನ ಆಗ್ತಿತ್ತು. ಆ ಕೆಲವು ದಿನಗಳನ್ನೇ ಲೆಕ್ಕಕ್ಕೆ ಇಟ್ಟುಕೊಂಡೆ.

ಸೆಲೆಕ್ಷನ್ ಮ್ಯಾಚಿಗೆ ನೀನೇ ಇಳಿದೆ. ನಾನು ಬೆಂಚಿನಲ್ಲಿ. ಸರಿ, ನ್ಯಾಯ ಅದೇ. ನೀನು ಚೆನ್ನಾಗಿ ಆಡ್ತಿದ್ದೆ, ಮಿಡತೆ. ಅದನ್ನ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳ್ತಿದ್ದೀನಿ. ಮೊದಲ ಸೆಟ್ಟು ನಮಗೆ, ಎರಡನೇದು ಅವರಿಗೆ. ಮೂರನೇದರಲ್ಲಿ ಸಮಸಮ ಇದ್ದಾಗ ನೀನು ಒಂದು ಬಾಲ್ ನೆಟ್ಟಿಗೆ ಹೊಡೆದೆ. ಆಗುತ್ತೆ. ಎರಡನೇದೂ ನೆಟ್ಟಿಗೆ. ಮೂರನೇದು ಗೆರೆಯಾಚೆ, ಅಷ್ಟು ದೂರ ನೀನು ಯಾವತ್ತೂ ಹೊಡೆದವಳಲ್ಲ. ಹೊಡೆಯೋ ಮೊದಲು ಬೆಂಚಿನ ಕಡೆ ನೋಡಿದೆ. ಮಿಸ್ ನಿನ್ನನ್ನ ಕರೆದು ನನ್ನನ್ನ ಕಳಿಸಿದ್ರು. ಬರ್ತಾ ನನ್ನ ಭುಜ ತಟ್ಟಿ, "ಹೋಗಕ್ಕಾ" ಅಂದೆ. ಸೋತು ಬರೋಳ ಮುಖ ಇರಲಿಲ್ಲ ಅದು.

ಮೊದಲ ಬಾಲ್ ಟೈಲರ್ ಎತ್ತಿಕೊಟ್ಟಳು, ಹೊಡೆದೆ, ಅವರು ಎತ್ತಿದ್ರು. ಎರಡನೇದಕ್ಕೆ ಪೂರ್ತಿ ಹಾರಿದೆ. ಅಷ್ಟು ತಿಂಗಳಾದ ಮೇಲೆ ನೆಟ್ಟಿನ ಮೇಲಿಂದ ಆಚೆ ಕಡೆಯವರ ಮುಖ ಕಾಣಿಸ್ತು. ಇಳಿಯುವಾಗ ಮಂಡಿ ಕೈ ಕೊಡ್ತು. ಇದನ್ನ ಬರೆದು ನನಗೇ ನಗು ಬಂತು, ಮಂಡಿ ಹೇಗೆ ಕೈ ಕೊಡುತ್ತೆ ಅಂತ. ಅತ್ತೆ ಇಣುಕಿ ನೋಡಿ, ನಗ್ತಾ ಇದ್ದಾಳೆ ಅಂತ ಸಮಾಧಾನ ಮಾಡ್ಕೊಂಡು ಹೋದಳು.

ನನ್ನನ್ನ ಎತ್ತಿಕೊಂಡು ಜೀಪಿಗೆ ಹಾಕುವಾಗ ನೀನು ಪಕ್ಕದಲ್ಲೇ ಓಡಿಬಂದೆ. ನಾನು ಮುಖ ಆ ಕಡೆ ತಿರುಗಿಸಿದೆ. ನೋವಿಗೆ ತಿರುಗಿಸಿದೆ ಅಂತ ನೀನು ಅಂದುಕೊಂಡಿರಬಹುದು.

ಆ ಮೂರು ಬಾಲ್‌ಗಳನ್ನ ನೀನು ಬೇಕಂತಲೇ ಹಾಳು ಮಾಡಿದೆ. ಇಲ್ಲ ಅನ್ನಬೇಡ. ನಿನ್ನ ಕೈ ನನಗೆ ಗೊತ್ತು. ಯಾರು ಕೇಳಿದ್ರು ನಿನ್ನನ್ನ? ನನ್ನ ಜಾಗವನ್ನ ನಾನು ಕಿತ್ತುಕೊಳ್ಳಬೇಕಿತ್ತು, ಇಲ್ಲ ಕಳ್ಕೋಬೇಕಿತ್ತು. ನೀನು ಅದನ್ನ ಭಿಕ್ಷೆ ಹಾಕಿದೆ. ಟೀಮು ಸೋತಿತು. ನಿನ್ನನ್ನೂ ಆರಿಸಲಿಲ್ಲ, ನನ್ನನ್ನೂ ಆರಿಸಲಿಲ್ಲ. ಯಾರಿಗೆ ಏನು ಸಿಕ್ಕಿತು ಹೇಳು.

ಉತ್ತರ ಬರಿ.


ಜನವರಿ ೨೧

ಅಕ್ಕಾ,

ಬರೆದು ಹರಿದೆ, ಬರೆದು ಹರಿದೆ. ಅದಕ್ಕೇ ಇಷ್ಟು ತಡ.

ಇಲ್ಲ ಅನ್ನಲ್ಲ. ಬೇಕಂತಲೇ ಮಾಡಿದೆ.

ಮ್ಯಾಚಿನ ಹಿಂದಿನ ದಿನ ಬಾಲ್ ಇಡೋ ರೂಮಿಗೆ ಬಂದಿದ್ದೆ. ನೀನು ಒಳಗೆ ಗಾಳಿ ಪಂಪು ತಗೊಳ್ಳೋಕೆ ಕುಕ್ಕರಗಾಲಲ್ಲಿ ಕೂತಿದ್ದೆ. ನಿನಗೆ ಏಳೋಕಾಗಲಿಲ್ಲ. ಕಪಾಟು ಹಿಡಿದೆ, ಮತ್ತೆ ಕೂತೆ, ಮತ್ತೆ ಹಿಡಿದೆ. ಎದ್ದ ಮೇಲೆ ಗೋಡೆಗೆ ಹಣೆ ಇಟ್ಟುಕೊಂಡು ನಿಂತಿದ್ದೆ. ನಾನು ಬಾಗಿಲಲ್ಲಿ ಸದ್ದು ಮಾಡಿದ ತಕ್ಷಣ ನೀನು ತಿರುಗಿ, "ಏನೇ ನೋಡ್ತೀಯ, ಪಂಪು ಹಿಡಿ" ಅಂದೆ. ಮುಖವೆಲ್ಲ ಬೆವರು.

ಅಂದ್ರೆ ನಿನ್ನ ಮಂಡಿ ಸರಿ ಇಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಇದನ್ನ ಬರೆಯೋಕೆ ಇಷ್ಟು ದಿನ ಬೇಕಾಯ್ತು.

ಮ್ಯಾಚಿನ ದಿನ ನೀನು ಬೆಂಚಿನಲ್ಲಿ ಕೂತು ನನ್ನ ಕಾಲನ್ನೇ ನೋಡ್ತಿದ್ದೆ. ನಾನು ಹಾರಿದಾಗಲೆಲ್ಲ ಬೆಂಚಿನಲ್ಲಿ ನಿನ್ನ ಭುಜವೂ ಸ್ವಲ್ಪ ಮೇಲೇಳ್ತಿತ್ತು, ನಿನಗೇ ಗೊತ್ತಿಲ್ಲದೆ. ಅದನ್ನ ನೋಡ್ತಾ ನೋಡ್ತಾ ನನಗೆ ತಡೆಯೋಕಾಗಲಿಲ್ಲ. ಆ ಸೆಲೆಕ್ಷನ್ ಮೇಷ್ಟ್ರು ನೋಟ್ ಪ್ಯಾಡ್ ಹಿಡಿದು ಕೂತಿದ್ರಲ್ಲ, ನೀನು ಒಂದೇ ಒಂದು ಬಾಲ್ ಮೊದಲಿನ ಹಾಗೆ ಹೊಡೆದ್ರೆ ಸಾಕು, ಅವರು ನಿನ್ನ ಹೆಸರು ಬರ್ಕೋತಾರೆ, ಆಮೇಲೆ ಮಂಡಿ ನಿಧಾನಕ್ಕೆ ವಾಸಿ ಆಗಲಿ ಅಂದುಕೊಂಡೆ. ನೀನು ಮೇಲೆ ಹೋಗೋದನ್ನ ಮಾತ್ರ ಯೋಚಿಸಿದೆ ಅಕ್ಕಾ. ಕೆಳಗೆ ಇಳಿಯಬೇಕಲ್ಲ ಅನ್ನೋದು ತಲೆಗೇ ಬರಲಿಲ್ಲ.

ಭಿಕ್ಷೆ ಅಲ್ಲ. ಅದು ಏನು ಅಂತ ಹೇಳೋಕೆ ನನಗೆ ಬರ್ತಿಲ್ಲ.

ಮಿಸ್ ಕೂಡ ಕೇಳಿದ್ರು. ಮೊದಲು ಕೈ ಜಾರಿತು ಅಂದೆ. ಮೂರು ಸಲವೂ ಜಾರಿತಾ ಅಂದ್ರು. ಆಮೇಲೆ ನಿಜ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ಸೋಲೋಕೆ ಅಂತ ಬಾಲ್ ಹೊಡೆದವಳನ್ನ ನಾನು ಇನ್ನು ಹೇಗೆ ನಂಬಿ ಇಳಿಸಲಿ?" ಅಂದ್ರು. ಟೀಮಿನಿಂದ ತೆಗೆದಿದ್ದಾರೆ. ಹಾಸ್ಟೆಲಿನಲ್ಲಿ ವರ್ಷ ಮುಗಿಯೋ ತನಕ ಇರಬಹುದು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಡಾಕ್ಟರ್ ಏನಂದ್ರು? ನಿಜ ಬರಿ ಅಕ್ಕಾ.

ಮಿಡತೆ


ಫೆಬ್ರವರಿ ೪

ಮಿಡತೆ,

ನಿಜ ಕೇಳಿದೆ. ನಿಜ ಇದು. ಇನ್ನು ಈ ಮಂಡಿ ಹಾರಬಾರದು ಅಂತ ಡಾಕ್ಟರ್ ಆಗಸ್ಟ್‌ನಲ್ಲೇ ಹೇಳಿದ್ರು. ಲಿಗಮೆಂಟ್ ಜೊತೆ ಒಳಗಿನ ಮೆತ್ತೆಯೂ ಸವೆದುಹೋಗಿದೆಯಂತೆ. ಓಡಾಡು, ಮೆಟ್ಟಿಲು ಹತ್ತು, ಹಾರೋ ಆಟ ಮರೆತುಬಿಡು ಅಂದ್ರು. ಹೊಲಿಗೆ ಬರುತ್ತಾ ಅಂತ ಕೇಳಿದ್ದು ಅದಾದ ಮೇಲೆ. ಒಪ್ಪಿದ್ದಾರೆ ಅಂತ ನಿನಗೂ, ಮಿಸ್‌ಗೂ, ಅಮ್ಮನಿಗೂ ಸುಳ್ಳು ಹೇಳಿ ಬಂದೆ. ಗೊತ್ತಿದ್ದವಳು ಅತ್ತೆ ಒಬ್ಬಳೇ. ಅದಕ್ಕೇ ಅವಳು ಮಾತು ಬಿಟ್ಟಿದ್ದು.

ಹಾಗಾಗಿ ನೀನು ಬಾಲ್ ನೆಟ್ಟಿಗೆ ಹೊಡೆದಿದ್ದರೂ ಅಷ್ಟೇ, ಹೊಡೆಯದಿದ್ದರೂ ಅಷ್ಟೇ, ಇವತ್ತಲ್ಲ ನಾಳೆ ನಾನು ಹಾರೋಳೇ, ಬೀಳೋಳೇ. ಇದನ್ನ ನಿನ್ನ ಸಮಾಧಾನಕ್ಕೆ ಬರೀತಿಲ್ಲ. ನಿನ್ನ ಮೇಲೆ ಕೋಪ ಹೋಗಿದೆಯಾ ಅಂತ ಹುಡುಕಿ ನೋಡಿದೆ. ಇನ್ನೂ ಇದೆ. ಆದ್ರೆ ನಿನ್ನ ಕಾಗದ ಬರದೆ ಇದ್ದಾಗ ದಿನಾ ಪೋಸ್ಟ್‌ಮ್ಯಾನ್ ಬರೋ ಹೊತ್ತಿಗೆ ಬಾಗಿಲಲ್ಲಿ ಕೂರ್ತಿದ್ದೆ, ಅದೂ ನಿಜ.

ಈ ಸಲ ಮತ್ತೊಂದು ಆಪರೇಷನ್ ಮಾಡ್ತಾರಂತೆ, ಆಟಕ್ಕಲ್ಲ, ಕುಂಟದೆ ನಡೆಯೋಕೆ. ಪೂರ್ತಿ ಕುಂಟದೆ ಅಂತ ಹೇಳೋಕಾಗಲ್ಲ ಅಂತ ಅವರೇ ಅಂದ್ರು. ಕಾಲೇಜಿನ ಮಾತು ಮುಗೀತು. ಪರೀಕ್ಷೆ ಇಲ್ಲೇ ಹತ್ತಿರದ ಸೆಂಟರಿನಲ್ಲಿ ಬರೀತೀನಿ. ಆಮೇಲೆ ಲಾಂಡ್ರಿಯಲ್ಲಿ ಬಟ್ಟೆ ಮಡಚೋ ಟೇಬಲಿನ ಹತ್ತಿರ ಒಂದು ಸ್ಟೂಲ್ ಇದೆ ಅಂತ ಅತ್ತೆ ಅಂದಳು. ಕೂತು ಮಾಡೋ ಕೆಲಸ.

ಮಿಸ್‌ಗೆ ನಾನು ಬರೆದಿದ್ದೀನಿ. ತಪ್ಪು ನನ್ನದು, ಹುಡುಗಿಯನ್ನ ವಾಪಸ್ ತಗೊಳ್ಳಿ ಅಂತ. ಅವರು ಕರೀತಾರೆ. ಕರೆದ ದಿನ ಹೋಗು. ರೋಷ ಗೀಷ ಇಟ್ಟುಕೊಳ್ಳಬೇಡ. ನಾಲ್ಕನೇ ಜಾಗದಲ್ಲಿ ಹೋಗಿ ನಿಲ್ಲು. ಇದು ಕ್ಯಾಪ್ಟನ್ ಮಾತು.

ಕ್ಯಾಪ್ಟನ್


ಮಾರ್ಚ್ ೧೨

ಅಕ್ಕನಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಮಿಸ್ ಕರೆದ್ರು. ನೀವು ಹೇಳಿದ ಹಾಗೆ ಹೋದೆ.

ಟೈಲರ್ ಅಕ್ಕ ನನ್ನ ಎತ್ತರಕ್ಕೇ ಸರಿಯಾಗಿ ಬಾಲ್ ಎತ್ತಿದಳು. ಹಾರಿದೆ. ಮೇಲೆ ಇದ್ದಾಗ ಕೆಳಗೆ ನೋಡಿದೆ. ಬಾಲ್ ನನ್ನ ಪಕ್ಕದಲ್ಲೇ ಬಿದ್ದು ಹೋಯ್ತು. ಇನ್ನೊಂದು ಎತ್ತಿದಳು. ಅದಕ್ಕೂ ಹಾಗೇ. ಆಮೇಲೆ ಹಾರಲೇ ಇಲ್ಲ, ಓಡಿಬಂದು ನೆಟ್ಟಿನ ಹತ್ತಿರ ನಿಂತುಬಿಡ್ತಿದ್ದೆ. ವಾರ ಪೂರ್ತಿ ಹೋದೆ. ಬಿದ್ದವರು ನೀವು, ನನ್ನ ಕಾಲಿಗೆ ಏನೂ ಆಗಿಲ್ಲ, ಅದು ನನಗೂ ಗೊತ್ತು. ಕಾಲಿಗೆ ಗೊತ್ತಾಗ್ತಿಲ್ಲ.

ಕೊನೇ ದಿನ ಮಿಸ್ ನನ್ನ ತಲೆ ಸವರಿ, ಪರವಾಗಿಲ್ಲ ಹೋಗು ಅಂದ್ರು. ಅವರು ಬೈದಿದ್ರೆ ಇನ್ನೊಂದು ವಾರ ಹೋಗ್ತಿದ್ದೆ. ನಿಮಗೆ ಗೊತ್ತಲ್ಲ, ಆಟ ಬರೋರಿಗೆ ಅವರು ಬೈತಾರೆ.

ವಾರ್ಡನ್ ಒಂದು ಸಲ ಫೋನು ಕೊಟ್ಟರು, ಅಪ್ಪನಿಗೆ ಹೇಳಿದೆ. ಟೀಮಿನಲ್ಲಿ ಇಲ್ಲದ ಮೇಲೆ ಸೀಟೂ ಇಲ್ಲ. ಅವರಿಗೂ ಬೇರೆ ಡಿಪೋಗೆ ವರ್ಗ ಆಗಿದೆ, ಅಲ್ಲೇ ಯಾವುದಾದರೂ ಶಾಲೆಗೆ ಸೇರಿಸ್ತಾರಂತೆ. ಪರೀಕ್ಷೆ ಮುಗಿದ ದಿನ ಬಂದು ಕರ್ಕೊಂಡು ಹೋಗ್ತಾರೆ. ಫೋನಿಡೋ ಮೊದಲು, ನಿನ್ನ ಟ್ರಂಕಿಗೆ ಬೀಗ ಇದೆಯಾ ಅಂತ ಕೇಳಿದ್ರು.

ಹೊಸ ವಿಳಾಸ ಇನ್ನೂ ಗೊತ್ತಿಲ್ಲ. ಬರೆಯೋದಿದ್ರೆ ಟೈಲರ್ ಅಕ್ಕನ ಮನೆಗೆ ಕಳಿಸಿ, ಅವಳು ನನಗೆ ತಲುಪಿಸ್ತಾಳೆ. ಆಟದ ಬಗ್ಗೆ ಮಾತ್ರ ಏನೂ ಹೇಳಿಕೊಡಬೇಡಿ. ದಯವಿಟ್ಟು.

ನಿಮ್ಮ ಕಾಲು ಬೇಗ ವಾಸಿಯಾಗಲಿ.

ಇಂತಿ,
ಮಿಡತೆ


ಮೇ ೨

ಮಿಡತೆ,

ಟೈಲರ್ ಕೈಲಿ ಇದನ್ನ ಕಳಿಸ್ತಿದ್ದೀನಿ. ನಿನ್ನ ಕಡೆಯಿಂದ ಒಂದೂವರೆ ತಿಂಗಳಿಂದ ಏನೂ ಇಲ್ಲ. ವಿಳಾಸ ಸಿಕ್ಕಿಲ್ಲವೋ, ಕಳಿಸೋ ಮನಸ್ಸಿಲ್ಲವೋ. ಯಾವುದಾದರೂ ಸರಿ ಅಂತ ಬರೆಯೋಕೆ ಹೊರಟೆ, ಅದು ಸುಳ್ಳಾಗುತ್ತೆ. ಸುಳ್ಳು ಸಾಕಾಗಿದೆ.

ಆಪರೇಷನ್ ಆಯ್ತು. ಪರೀಕ್ಷೆಯನ್ನೂ ಬರೆದೆ, ಪಾಸ್ ಆಗಬಹುದು. ಕೋಲು ಹಿಡಿದು ನಡೀತೀನಿ. ಕೋಲು ಬಿಟ್ಟರೂ ನಡೆ ಹೀಗೇ ಇರುತ್ತಂತೆ, ಎಡಕ್ಕೆ ವಾಲಿಕೊಂಡು. ಲಾಂಡ್ರಿಗೆ ಸೇರಿ ಎರಡು ವಾರ. ದಿನವಿಡೀ ಬೆಡ್‌ಶೀಟ್ ಮಡಚೋದು. ಇಸ್ತ್ರಿ ರೋಲರಿನಿಂದ ಹೊರಗೆ ಬಂದಾಗ ಕೈಗೆ ಬಿಸಿ ತಾಗುತ್ತೆ, ಆಮೇಲೆ ಅಭ್ಯಾಸ ಆಗುತ್ತೆ ಅಂತಾರೆ. ಅತ್ತೆ ನನ್ನೆದುರು ನಿಂತು ಇನ್ನೊಂದು ತುದಿ ಹಿಡೀತಾಳೆ. ಮಡಚುತ್ತಾ ಮಡಚುತ್ತಾ ಇಬ್ಬರೂ ಹತ್ತಿರ ಬರ್ತೀವಿ, ತುದಿ ಕೊಟ್ಟು ಮತ್ತೆ ಹಿಂದೆ ಹೋಗ್ತಾಳೆ. ನಾನು ಮೊದಲ ದಿನ ಕೆಲಸಕ್ಕೆ ಹೋದಾಗ ಸ್ಟೂಲಿನ ಮೇಲೆ ಒಂದು ಹಳೇ ದಿಂಬು ಕಟ್ಟಿಟ್ಟಿದ್ದಳು.

ನೀನು ಕೇಳಿಕೊಂಡ ಹಾಗೆ ಏನೂ ಹೇಳಿಕೊಡಲ್ಲ. ಇಲ್ಲಿ ಆದದ್ದು ಒಂದು ಹೇಳಿ ಮುಗಿಸ್ತೀನಿ.

ಲಾಂಡ್ರಿ ಹಿಂದೆ ಬಟ್ಟೆ ಒಣಹಾಕೋ ಅಂಗಳ ಇದೆ. ಮೊನ್ನೆ ಬಿಡುವಿನಲ್ಲಿ ನನ್ನ ಜೊತೆ ಕೆಲಸ ಮಾಡೋ ಹೆಂಗಸರು ಒಂದು ಪ್ಲಾಸ್ಟಿಕ್ ಬಾಲ್ ತಂದು, ಬಟ್ಟೆ ತೆಗೆದ ಹಗ್ಗದ ಎರಡು ಕಡೆ ನಿಂತು ಆಡ್ತಿದ್ರು. ಸೆರಗು ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು. ನಾನು ಗೋಡೆ ಹತ್ತಿರ ಕೂತಿದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತಳು. ಒಬ್ಬರು ನನ್ನನ್ನ ಕರೆದು, ಕೂತಲ್ಲಿಂದಲೇ ಪಾಯಿಂಟ್ ಎಣಿಸಮ್ಮ, ನಿನಗೆ ಈ ಆಟ ಬರುತ್ತಾ ಅಂತ ಕೇಳಿದ್ರು.

ಬರಲ್ಲ ಅಂದೆ.

ಅತ್ತೆ ನನ್ನ ಕಡೆ ನೋಡಿದಳು. ಆ ಹೆಂಗಸು ಆಟ ಬಿಟ್ಟು ಬಂದು ನನ್ನ ಪಕ್ಕ ಕೂತು, ಬಾಲ್ ನೆಲಕ್ಕೆ ಬೀಳಬಾರದು, ಒಂದೊಂದು ಕಡೆಯವರು ಮೂರು ಸಲ ಮುಟ್ಟಬಹುದು, ಒಬ್ಬಳೇ ಎರಡು ಸಲ ಒಟ್ಟಿಗೆ ಮುಟ್ಟಬಾರದು, ಹಗ್ಗಕ್ಕೆ ಕೈ ತಾಗಬಾರದು ಅಂತ ಬೆರಳು ಮಡಚಿ ಮಡಚಿ ಹೇಳಿಕೊಟ್ಟರು. ತುಂಬಾ ಒಳ್ಳೆಯವರು, ಅರ್ಥ ಆಯ್ತಾ ಅಂತ ಮಧ್ಯೆ ಮಧ್ಯೆ ನಿಲ್ಲಿಸಿ ಕೇಳ್ತಿದ್ರು.

ಪೂರ್ತಿ ಕೇಳಿಸ್ಕೊಂಡೆ. ಅರ್ಥ ಆಯ್ತು ಅಂದೆ.

ಇಂತಿ,
ಅಕ್ಕ